ಮನೋವೈದ್ಯರ ಕೌಶಲವನ್ನು ಅಳೆಯುವ ಬಗೆ: ಮೌಖಿಕ ಪರೀಕ್ಷೆಯೂ ಗಡಿನಾಡಿನ ರೋಗಿಯೂ

ಮುರಿದ ಮೂಳೆಯನ್ನು ಎಕ್ಸ್‌ರೇ ತೋರಿಸುತ್ತದೆ, ಸಕ್ಕರೆ ಕಾಯಿಲೆಯನ್ನು ರಕ್ತಪರೀಕ್ಷೆ ಹೇಳುತ್ತದೆ, ಹೃದಯದ ಏರುಪೇರನ್ನು ಇಸಿಜಿಯ ಗೆರೆಗಳಲ್ಲಿ ಓದಬಹುದು. ಆದರೆ ಖಿನ್ನತೆ, ಉನ್ಮಾದ, ಸ್ಕಿಜೋಫ್ರೇನಿಯಾ ಮುಂತಾದ ಮನೋರೋಗಗಳನ್ನು ಹೀಗೆ ಖಚಿತವಾಗಿ ತೋರಿಸಿಕೊಡುವ ಪ್ರಯೋಗಾಲಯದ ಪರೀಕ್ಷೆ ಯಾವುದೂ ಇಂದಿಗೂ ಬಳಕೆಗೆ ಬಂದಿಲ್ಲ. ಥೈರಾಯ್ಡ್ ಗ್ರಂಥಿಯ ದೋಷ, ಮೆದುಳಿನ ಗಡ್ಡೆ, ಸೋಂಕು ಇಂಥ ದೈಹಿಕ ಕಾರಣಗಳು ಇಲ್ಲವೆಂದು ತಿಳಿಯಲು ರಕ್ತಪರೀಕ್ಷೆಯೂ ಸ್ಕ್ಯಾನ್‌ಗಳೂ ನೆರವಾಗುತ್ತವೆಯಾದರೂ, ರೋಗ ಯಾವುದೆಂದು ಗುರುತಿಸುವ ಕೆಲಸ ಕೊನೆಗೆ ನಿಲ್ಲುವುದು ವೈದ್ಯರು ರೋಗಿಯೊಡನೆ ನಡೆಸುವ ಮಾತುಕತೆಯ ಮೇಲೆ, ಆತನ ನಡವಳಿಕೆಯನ್ನು ಗಮನಿಸುವ ಕಣ್ಣಿನ ಮೇಲೆ ಮತ್ತು ಮನೆಯವರಿಂದ ತಿಳಿದುಕೊಳ್ಳುವ ವಿವರಗಳ ಮೇಲೆ. ಹೀಗಿರುವಾಗ ಒಬ್ಬ ವೈದ್ಯರಿಗೆ ಮನೋವೈದ್ಯರೆಂಬ ಅರ್ಹತಾಪತ್ರ ಕೊಡುವ ಮುನ್ನ ಅವರು ರೋಗಿಯೊಡನೆ ಸರಿಯಾಗಿ ಮಾತನಾಡಬಲ್ಲರೆ ಎಂಬುದನ್ನು ಯಾರು, ಹೇಗೆ, ಎಷ್ಟು ಸಲ ನೋಡಿ ನಿರ್ಧರಿಸುತ್ತಾರೆ ಎಂಬುದು ವೈದ್ಯಕೀಯ ಕಾಲೇಜಿನ ಒಳಗಿನ ವಿಷಯವಾಗಿ ಉಳಿಯದೆ, ಆ ವೈದ್ಯರ ಮುಂದೆ ನಾಳೆ ಕುಳಿತುಕೊಳ್ಳುವ ಪ್ರತಿಯೊಬ್ಬರಿಗೂ ಸಂಬಂಧಿಸಿದ ವಿಷಯವಾಗುತ್ತದೆ.

ತಮಿಳುನಾಡಿನ ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡಿಗರಿಗೆ ಈ ಪ್ರಶ್ನೆ ಇನ್ನೂ ಒಂದು ಕಾರಣಕ್ಕೆ ಹತ್ತಿರದ್ದು. ಅಲ್ಲಿ ಮನೆಯ ಮಾತು ಒಂದು, ಶಾಲೆಯ ಮತ್ತು ಆಸ್ಪತ್ರೆಯ ಮಾತು ಇನ್ನೊಂದು, ವೈದ್ಯಕೀಯ ಪರೀಕ್ಷೆ ನಡೆಯುವ ಮಾತು ಮತ್ತೊಂದು. ರೋಗಿಯ ಮಾತೇ ರೋಗದ ಮುಖ್ಯ ಸಾಕ್ಷ್ಯವಾಗಿರುವ ಈ ವೈದ್ಯವಿಭಾಗದಲ್ಲಿ ಆ ಮಾತು ಕನ್ನಡದಿಂದ ತಮಿಳಿಗೆ, ತಮಿಳಿನಿಂದ ಇಂಗ್ಲಿಷಿಗೆ ದಾಟುವಾಗ ಎಷ್ಟು ಉಳಿಯುತ್ತದೆ, ಎಷ್ಟು ಸೋರಿಹೋಗುತ್ತದೆ ಎಂಬುದನ್ನು ಗಮನಿಸಬಲ್ಲ ವೈದ್ಯರನ್ನು ಪರೀಕ್ಷಾಪದ್ಧತಿ ತಯಾರಿಸುತ್ತಿದೆಯೇ ಎಂದು ಕೇಳುವ ಹಕ್ಕು ಈ ಜನಕ್ಕಿದೆ.

ಅರ್ಹತೆಯ ದಾರಿ

ಭಾರತದಲ್ಲಿ ಎಂ.ಬಿ.ಬಿ.ಎಸ್. ಮುಗಿಸಿದವರು ಮನೋವೈದ್ಯರಾಗಲು ಮೂರು ವರ್ಷದ ಎಂ.ಡಿ. ಪದವಿಯನ್ನಾಗಲಿ, ರಾಷ್ಟ್ರೀಯ ಪರೀಕ್ಷಾ ಮಂಡಳಿ ನೀಡುವ ಡಿ.ಎನ್.ಬಿ. ಅರ್ಹತೆಯನ್ನಾಗಲಿ, ಎರಡು ವರ್ಷದ ಡಿ.ಪಿ.ಎಂ. ಡಿಪ್ಲೊಮಾವನ್ನಾಗಲಿ ಪಡೆಯುವುದು ವಾಡಿಕೆಯ ದಾರಿ. ಈ ಶಿಕ್ಷಣದ ಬೇರುಗಳಲ್ಲಿ ಮುಖ್ಯವಾದದ್ದೊಂದು ಕನ್ನಡನಾಡಿನಲ್ಲೇ ಇದೆ. ಬೆಂಗಳೂರಿನಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1954ರಲ್ಲಿ ಆರಂಭವಾಗಿ, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರಾದರು. 1955ರಿಂದ ಅಲ್ಲಿ ಡಿಪ್ಲೊಮಾ ಶಿಕ್ಷಣ ಶುರುವಾಯಿತು. 1974ರಲ್ಲಿ ಆ ಸಂಸ್ಥೆಯೂ ಮೈಸೂರು ಸರ್ಕಾರದ ಕಾಲದ ಮಾನಸಿಕ ಆಸ್ಪತ್ರೆಯೂ ಒಂದಾಗಿ ನಿಮ್ಹಾನ್ಸ್ ರೂಪುಗೊಂಡಿತು. ಸೇಲಂನಿಂದ ಸುಮಾರು ಇನ್ನೂರು ಕಿಲೋಮೀಟರ್, ಧರ್ಮಪುರಿಯಿಂದ ಅದಕ್ಕೂ ಕಡಿಮೆ ದೂರದಲ್ಲಿರುವ ಈ ಸಂಸ್ಥೆ ಗಡಿಯ ಎರಡೂ ಬದಿಯ ಜನರಿಗೆ ಪರಿಚಿತವಾದ ಆಸರೆ. ತಮಿಳುನಾಡಿನ ಕಡೆಯಲ್ಲಿ ಸೇಲಂನ ಸರ್ಕಾರಿ ಮೋಹನ್ ಕುಮಾರಮಂಗಲಂ ವೈದ್ಯಕೀಯ ಕಾಲೇಜು 1986ರಲ್ಲಿ, ಧರ್ಮಪುರಿಯ ಸರ್ಕಾರಿ ವೈದ್ಯಕೀಯ ಕಾಲೇಜು 2008ರಲ್ಲಿ ಆರಂಭವಾದವು.

ಸ್ನಾತಕೋತ್ತರ ಪದವಿಯ ಪರೀಕ್ಷೆಗೆ ಮೂರು ಅಂಗಗಳಿವೆ: ಸಂಶೋಧನಾ ಪ್ರಬಂಧ, ನಾಲ್ಕು ಲಿಖಿತ ಪ್ರಶ್ನೆಪತ್ರಿಕೆಗಳು, ಕೊನೆಗೆ ರೋಗಿಗಳನ್ನು ಮುಂದಿಟ್ಟುಕೊಂಡು ನಡೆಯುವ ಕ್ಲಿನಿಕಲ್ ಮತ್ತು ಮೌಖಿಕ ಪರೀಕ್ಷೆ. ಭಾರತೀಯ ವೈದ್ಯಕೀಯ ಪರಿಷತ್ತು 2000ದಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಕನಿಷ್ಠ ನಾಲ್ವರು ಪರೀಕ್ಷಕರಿರಬೇಕು, ಅವರಲ್ಲಿ ಇಬ್ಬರಾದರೂ ಹೊರಗಿನ ವಿಶ್ವವಿದ್ಯಾಲಯದವರಾಗಿರಬೇಕು, ಒಂದು ದಿನಕ್ಕೆ ಎಂಟಕ್ಕಿಂತ ಹೆಚ್ಚು ಅಭ್ಯರ್ಥಿಗಳನ್ನು ಪರೀಕ್ಷಿಸಬಾರದು ಮತ್ತು ಲಿಖಿತದಲ್ಲಿ ಎಷ್ಟೇ ಅಂಕ ಬಂದಿದ್ದರೂ ಕ್ಲಿನಿಕಲ್ ಭಾಗದಲ್ಲಿ ಪ್ರತ್ಯೇಕವಾಗಿ ಶೇಕಡ 50 ಪಡೆಯದವರು ತೇರ್ಗಡೆಯಾಗುವಂತಿಲ್ಲ. ಓದಿ ತಿಳಿದದ್ದು ಬೇರೆ, ರೋಗಿಯ ಮುಂದೆ ಮಾಡಿ ತೋರಿಸುವುದು ಬೇರೆ ಎಂಬ ತಿಳಿವಳಿಕೆ ಈ ಕೊನೆಯ ನಿಯಮದಲ್ಲಿದೆ. 2020ರಲ್ಲಿ ಪರಿಷತ್ತಿನ ಸ್ಥಾನಕ್ಕೆ ರಾಷ್ಟ್ರೀಯ ವೈದ್ಯಕೀಯ ಆಯೋಗ ಬಂದಮೇಲೂ ಪರೀಕ್ಷೆಯ ಈ ಮೂಲ ಚೌಕಟ್ಟು ಮುಂದುವರಿದಿದೆ.

ಪರೀಕ್ಷೆಯ ದಿನ ನಡೆಯುವುದೇನು

ಮನೋವೈದ್ಯ ವಿಭಾಗದ ಕ್ಲಿನಿಕಲ್ ಪರೀಕ್ಷೆಯ ನಡುಗಂಬ ‘ಲಾಂಗ್ ಕೇಸ್’, ಎಂದರೆ ದೀರ್ಘ ಪ್ರಕರಣ. ಅಭ್ಯರ್ಥಿಗೆ ತಾನು ಹಿಂದೆ ಕಂಡಿರದ ಒಬ್ಬ ರೋಗಿಯನ್ನು ಒಪ್ಪಿಸಲಾಗುತ್ತದೆ. ಸುಮಾರು ಒಂದು ಗಂಟೆಯ ಅವಧಿಯಲ್ಲಿ ಆತ ರೋಗಿಯೊಡನೆ ಮತ್ತು ಜೊತೆಗೆ ಬಂದ ಮನೆಯವರೊಡನೆ ಮಾತನಾಡಿ ಕಾಯಿಲೆ ಶುರುವಾದ ಬಗೆ, ಕುಟುಂಬದ ಹಿನ್ನೆಲೆ, ಬಾಲ್ಯ, ವಿದ್ಯೆ, ಮದುವೆ, ಉದ್ಯೋಗ, ಕುಡಿತ ಮುಂತಾದ ಅಭ್ಯಾಸಗಳು, ಕಾಯಿಲೆಗೆ ಮೊದಲಿನ ಸ್ವಭಾವ ಇವನ್ನೆಲ್ಲ ಸಂಗ್ರಹಿಸಿ, ದೇಹದ ತಪಾಸಣೆಯನ್ನೂ ಮುಗಿಸಿ, ಬಳಿಕ ಪರೀಕ್ಷಕರ ಮುಂದೆ ನಿಂತು ಅದನ್ನು ಕ್ರಮವಾಗಿ ಇಂಗ್ಲಿಷಿನಲ್ಲಿ ನಿರೂಪಿಸಬೇಕು. ರೋಗ ಯಾವುದಿರಬಹುದು, ಬೇರೆ ಯಾವುದಲ್ಲ, ಏಕೆ ಅಲ್ಲ, ಚಿಕಿತ್ಸೆ ಹೇಗೆ ಎಂಬ ಪ್ರಶ್ನೆಗಳ ಸುರಿಮಳೆ ಆಮೇಲೆ ಬರುತ್ತದೆ. ಇದಲ್ಲದೆ ಒಂದೆರಡು ಕಿರು ಪ್ರಕರಣಗಳು, ಹಲವು ಕಡೆ ನರರೋಗದ ಒಬ್ಬ ರೋಗಿ, ಕೊನೆಗೆ ಮೇಜಿನ ಎದುರು ಬದುರು ಕುಳಿತು ನಡೆಯುವ ವೈವಾ, ಎಂದರೆ ಬಾಯಿಮಾತಿನ ಪರೀಕ್ಷೆ ಇರುತ್ತವೆ.

ಇದರೊಳಗೆ ಅತ್ಯಂತ ಸೂಕ್ಷ್ಮವಾದ ಭಾಗ ಮನಃಸ್ಥಿತಿಯ ಪರೀಕ್ಷೆ. ಜ್ವರದ ರೋಗಿಯ ನಾಡಿಯನ್ನೂ ಉಸಿರನ್ನೂ ಗುರುತಿಸುವಂತೆ ಇಲ್ಲಿ ವೈದ್ಯರು ರೋಗಿಯ ಉಡುಪು ಮತ್ತು ಚಲನವಲನ, ಮಾತಿನ ವೇಗ ಮತ್ತು ಧಾಟಿ, ಆ ಹೊತ್ತಿನ ಭಾವಸ್ಥಿತಿ, ಆಲೋಚನೆಯ ಓಟ ಮತ್ತು ಹೂರಣ, ಇಲ್ಲದ್ದನ್ನು ಕಾಣುವ ಕೇಳುವ ಅನುಭವಗಳು, ನೆನಪು ಮತ್ತು ಗಮನ, ವಿವೇಚನೆ, ಕೊನೆಗೆ ತನಗೆ ಕಾಯಿಲೆಯಿದೆಯೆಂಬ ಅರಿವು ರೋಗಿಗೆ ಎಷ್ಟಿದೆ ಎಂಬುದು, ಇವನ್ನು ಒಂದೊಂದಾಗಿ ಗಮನಿಸಿ ದಾಖಲಿಸುತ್ತಾರೆ. ಗಮನಶಕ್ತಿಯನ್ನು ನೋಡಲು ನೂರರಿಂದ ಏಳೇಳನ್ನು ಕಳೆಯುತ್ತ ಹೋಗಲು ಹೇಳುವುದುಂಟು. ಶಾಲೆಯ ಮೆಟ್ಟಿಲು ಹತ್ತದವರಿಗೆ ಅದು ಅನ್ಯಾಯವಾಗುವುದರಿಂದ ಇಪ್ಪತ್ತರಿಂದ ಒಂದೊಂದು, ನಲವತ್ತರಿಂದ ಮೂರು ಮೂರು ಕಳೆಯುವ ಸುಲಭದ ಲೆಕ್ಕಗಳನ್ನು ಭಾರತದ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ವಿವೇಚನೆಯನ್ನು ತಿಳಿಯಲು, ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆಯೊಂದು ದಾರಿಯಲ್ಲಿ ಬಿದ್ದಿರುವುದು ಕಂಡರೆ ಏನು ಮಾಡುತ್ತೀರಿ ಎಂದು ಕೇಳುವುದು ಹಳೆಯ ರೂಢಿ. ಅಮೂರ್ತವಾಗಿ ಯೋಚಿಸುವ ಶಕ್ತಿಯನ್ನು ಅಳೆಯಲು ಗಾದೆಯ ಅರ್ಥ ಕೇಳುತ್ತಾರೆ: ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬುದಕ್ಕೆ ದುಡಿದರೆ ಮಾತ್ರ ಉಣ್ಣಲು ಸಿಗುತ್ತದೆ ಎನ್ನುವವರ ಯೋಚನೆಗೂ, ಗದ್ದೆಯಿಂದ ಬಂದವರು ಕೈ ತೊಳೆದು ಮೊಸರನ್ನ ತಿನ್ನುತ್ತಾರೆ ಎಂದಷ್ಟೇ ಹೇಳುವವರ ಯೋಚನೆಗೂ ಇರುವ ಅಂತರವನ್ನು ವೈದ್ಯರು ಗುರುತಿಸಬೇಕು. ಆ ಗಾದೆಯನ್ನು ರೋಗಿ ಎಂದೂ ಕೇಳಿಯೇ ಇರದಿದ್ದರೆ ತಪ್ಪು ಉತ್ತರವನ್ನು ರೋಗಲಕ್ಷಣವೆಂದು ಬರೆಯಬಾರದೆಂಬ ಎಚ್ಚರವೂ ಅವರಿಗಿರಬೇಕು.

ಕಾಣದೆ ಉಳಿಯುವ ಒಂದು ಗಂಟೆ

ಈ ಪದ್ಧತಿಗೆ ಗಟ್ಟಿಯಾದ ಗುಣಗಳಿವೆ. ನಿಜವಾದ ರೋಗಿ, ನಿಜವಾದ ಕುಟುಂಬ, ಪುಸ್ತಕದಲ್ಲಿರುವಂತೆ ಅಚ್ಚುಕಟ್ಟಾಗಿ ಜೋಡಣೆಗೊಳ್ಳದ ನಿಜವಾದ ಕಷ್ಟ, ಇವುಗಳನ್ನು ಒಟ್ಟಾಗಿ ಹಿಡಿದು ಅರ್ಥೈಸುವ ಶಕ್ತಿಯನ್ನು ದೀರ್ಘ ಪ್ರಕರಣ ಪರೀಕ್ಷಿಸುವಷ್ಟು ಚೆನ್ನಾಗಿ ಬಹು ಆಯ್ಕೆಯ ಪ್ರಶ್ನೆಗಳು ಪರೀಕ್ಷಿಸಲಾರವು. ಆದರೆ ಇದರ ಬಹುದೊಡ್ಡ ಕೊರತೆಯೂ ಅದರ ನಡುವೆಯೇ ಇದೆ: ಅಭ್ಯರ್ಥಿ ರೋಗಿಯೊಡನೆ ಕಳೆಯುವ ಆ ಒಂದು ಗಂಟೆಯನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಪರೀಕ್ಷಕರ ಕಿವಿಗೆ ಬೀಳುವುದು ಸಂದರ್ಶನವಲ್ಲ, ಸಂದರ್ಶನದ ವರದಿ. ರೋಗಿ ಅಳತೊಡಗಿದಾಗ ಅಭ್ಯರ್ಥಿ ಸುಮ್ಮನೆ ಕಾದನೆ ಅಥವಾ ಮುಂದಿನ ಪ್ರಶ್ನೆಗೆ ಹಾರಿದನೆ, ಮನೆಯವರ ಎದುರಿಗೆ ಕೇಳಬಾರದ್ದನ್ನು ಕೇಳಿ ಮುಜುಗರಕ್ಕೆ ಈಡುಮಾಡಿದನೆ, ಸಾವಿನ ಯೋಚನೆಯ ಸುಳಿವು ಸಿಕ್ಕಾಗ ಅದನ್ನು ಹಿಡಿದು ಮುಂದುವರಿದನೆ ಎಂಬುದೊಂದೂ ಆ ವರದಿಯಲ್ಲಿ ಕಾಣುವುದಿಲ್ಲ. ನಿರರ್ಗಳವಾಗಿ ಇಂಗ್ಲಿಷ್ ಮಾತನಾಡಿ ಚೆನ್ನಾಗಿ ನಿರೂಪಿಸಬಲ್ಲವರು ಮುಂದೆ ಬರುವುದೂ, ರೋಗಿಯ ಜೊತೆ ಹದವಾಗಿ ಬೆರೆತು ಮಾತನಾಡಿಸಬಲ್ಲ, ಆದರೆ ಪರೀಕ್ಷಕರ ಮುಂದೆ ತಡವರಿಸುವ ಅಭ್ಯರ್ಥಿ ಹಿಂದೆ ಬೀಳುವುದೂ ಇಂಥ ವ್ಯವಸ್ಥೆಯಲ್ಲಿ ಸಾಧ್ಯ.

ಎರಡನೆಯ ಕೊರತೆಯನ್ನು ಪರೀಕ್ಷಾಶಾಸ್ತ್ರಜ್ಞರು ಪ್ರಕರಣ ವಿಶಿಷ್ಟತೆ ಎನ್ನುತ್ತಾರೆ. ಒಂದು ಪ್ರಕರಣವನ್ನು ಚೆನ್ನಾಗಿ ನಿಭಾಯಿಸಿದ ವೈದ್ಯ ಇನ್ನೊಂದನ್ನೂ ಹಾಗೆಯೇ ನಿಭಾಯಿಸುತ್ತಾನೆಂದು ಹೇಳಲಾಗದು ಎಂಬುದನ್ನು ಅಮೆರಿಕದ ಆರ್ಥರ್ ಎಲ್‌ಸ್ಟೀನ್ ಮತ್ತು ಸಂಗಡಿಗರು 1978ರಲ್ಲಿ ಪ್ರಕಟಿಸಿದ ಅಧ್ಯಯನ ಎತ್ತಿ ತೋರಿಸಿತು. ಉನ್ಮಾದದ ರೋಗಿ ಸಿಕ್ಕಿದ ಅಭ್ಯರ್ಥಿಗೂ, ಬಾಯಿಯನ್ನೇ ಬಿಡದ ಖಿನ್ನತೆಯ ರೋಗಿ ಸಿಕ್ಕಿದ ಅಭ್ಯರ್ಥಿಗೂ ಪರೀಕ್ಷೆಯ ಕಷ್ಟ ಒಂದೇ ಆಗಿರುವುದಿಲ್ಲ. ಒಂದೇ ದೀರ್ಘ ಪ್ರಕರಣದ ಮೇಲೆ ಮೂರು ವರ್ಷದ ಕಲಿಕೆಯ ತೀರ್ಪು ನಿಂತಾಗ ಅದೃಷ್ಟಕ್ಕೆ ಪಾಲು ಹೆಚ್ಚಾಗುತ್ತದೆ. ಮೂರನೆಯದು ಪರೀಕ್ಷಕರಲ್ಲಿನ ವ್ಯತ್ಯಾಸ. ಕೆಲವರದು ಬಿಗಿಯಾದ ಕೈ, ಕೆಲವರದು ಧಾರಾಳ. ಅಭ್ಯರ್ಥಿಯ ಒಂದು ಗುಣ ಮೆಚ್ಚಿಗೆಯಾದರೆ ಉಳಿದೆಲ್ಲವೂ ಒಳ್ಳೆಯದಾಗಿಯೇ ಕಾಣುವ ಒಲವನ್ನು ಮನೋವಿಜ್ಞಾನಿ ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಗುರುತಿಸಿದ್ದರು.

ಸಂದರ್ಶನದ ರೀತಿ ಬದಲಾದರೆ ರೋಗದ ಹೆಸರೇ ಬದಲಾಗಬಲ್ಲದು ಎಂಬುದಕ್ಕೆ ಮನೋವೈದ್ಯ ಶಾಸ್ತ್ರದ ಇತಿಹಾಸದಲ್ಲೇ ದೊಡ್ಡ ಸಾಕ್ಷಿಯಿದೆ. ನ್ಯೂಯಾರ್ಕಿನ ಆಸ್ಪತ್ರೆಗಳಲ್ಲಿ ಸ್ಕಿಜೋಫ್ರೇನಿಯಾ ಎಂಬ ನಿರ್ಣಯ ಹೆಚ್ಚಾಗಿಯೂ ಲಂಡನ್ನಿನಲ್ಲಿ ಖಿನ್ನತೆ, ಉನ್ಮಾದ ಮುಂತಾದ ಭಾವವಿಕಾರಗಳ ನಿರ್ಣಯ ಹೆಚ್ಚಾಗಿಯೂ ಏಕಿದೆ ಎಂದು ಎರಡೂ ದೇಶದ ತಜ್ಞರು ಒಟ್ಟಾಗಿ ಪರಿಶೀಲಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಂದೇ ಬಗೆಯ ಕ್ರಮಬದ್ಧ ಸಂದರ್ಶನವನ್ನು ಎರಡೂ ಊರಿನ ರೋಗಿಗಳಿಗೆ ಅನ್ವಯಿಸಿದಾಗ ಆ ಅಂತರದ ಬಹುಭಾಗ ಕರಗಿಹೋಯಿತು. ವ್ಯತ್ಯಾಸ ಇದ್ದದ್ದು ಮುಖ್ಯವಾಗಿ ರೋಗಿಗಳಲ್ಲಲ್ಲ, ವೈದ್ಯರು ಕಲಿತ ರೂಢಿಯಲ್ಲಿ.

ಹೊರನಾಡುಗಳು ಹುಡುಕಿಕೊಂಡ ದಾರಿಗಳು

ಅಮೆರಿಕದಲ್ಲಿ ಮನೋವೈದ್ಯರಿಗೂ ನರರೋಗ ತಜ್ಞರಿಗೂ ಅರ್ಹತಾಪತ್ರ ಕೊಡುವ ಮಂಡಳಿ 1934ರಲ್ಲಿ ಸ್ಥಾಪನೆಯಾಯಿತು. ದಶಕಗಳ ಕಾಲ ಅದರ ಮೌಖಿಕ ಪರೀಕ್ಷೆಯಲ್ಲಿ ಅಭ್ಯರ್ಥಿ ಪರೀಕ್ಷಕರ ಕಣ್ಣೆದುರಿಗೇ ಅಪರಿಚಿತ ರೋಗಿಯನ್ನು ಅರ್ಧ ಗಂಟೆ ಮಾತನಾಡಿಸಿ, ಮುಂದಿನ ಅರ್ಧ ಗಂಟೆ ಪ್ರಶ್ನೆಗಳಿಗೆ ಉತ್ತರಿಸಬೇಕಿತ್ತು. ಸಂದರ್ಶನವನ್ನು ಪರೀಕ್ಷಕರು ಕಣ್ಣಾರೆ ನೋಡುತ್ತಿದ್ದದ್ದು ಅದರ ಬಲ. ದೇಶದ ನಾನಾ ಮೂಲೆಗಳಿಂದ ಅಭ್ಯರ್ಥಿಗಳು ಪರೀಕ್ಷೆಯ ಊರಿಗೆ ಪ್ರಯಾಣಿಸಿ ಒಂದೇ ದಿನದ ಒಬ್ಬ ರೋಗಿಯ ಮೇಲೆ ತಮ್ಮ ಭವಿಷ್ಯವನ್ನು ಪಣಕ್ಕಿಡಬೇಕಿದ್ದದ್ದು ಅದರ ದೌರ್ಬಲ್ಯ. ಮಂಡಳಿ ಕಾಲಕ್ರಮೇಣ ಈ ಪರೀಕ್ಷೆಯನ್ನು ಕೈಬಿಟ್ಟು, 2007ರಿಂದೀಚೆಗೆ ತರಬೇತಿಗೆ ಸೇರಿದವರಿಗೆ ಬೇರೊಂದು ಕ್ರಮವನ್ನು ಗೊತ್ತುಮಾಡಿತು: ತರಬೇತಿಯ ಅವಧಿಯಲ್ಲೇ ಅವರು ಕನಿಷ್ಠ ಮೂರು ಸಲ ಅರ್ಹ ಮನೋವೈದ್ಯರ ಸಮ್ಮುಖದಲ್ಲಿ ಹೊಸ ರೋಗಿಯನ್ನು ಸಂದರ್ಶಿಸಿ, ರೋಗಿಯೊಡನೆ ಬಾಂಧವ್ಯ ಬೆಳೆಸುವುದು, ಮನಃಸ್ಥಿತಿಯ ಪರೀಕ್ಷೆಯೂ ಸೇರಿದಂತೆ ಸಂದರ್ಶನ ನಡೆಸುವುದು, ಪ್ರಕರಣವನ್ನು ನಿರೂಪಿಸುವುದು ಎಂಬ ಮೂರು ಕೌಶಲಗಳಲ್ಲೂ ತೇರ್ಗಡೆಯಾಗಬೇಕು.

ಬ್ರಿಟನ್ನು ಇನ್ನೊಂದು ದಾರಿ ಹಿಡಿಯಿತು. 1971ರಲ್ಲಿ ರೂಪುಗೊಂಡ ಅಲ್ಲಿನ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ಮೊದಲು ದೀರ್ಘ ಪ್ರಕರಣವನ್ನೇ ನೆಚ್ಚಿಕೊಂಡಿತ್ತು. 2003ರಲ್ಲಿ ಆಸ್ಕಿ ಎಂಬ ಪದ್ಧತಿಯನ್ನು ತನ್ನ ಮೊದಲ ಹಂತದ ಪರೀಕ್ಷೆಗೂ, 2008ರಿಂದ ಅದೇ ಮಾದರಿಯ ಹಲವು ಠಾಣೆಗಳ ಪರೀಕ್ಷೆಯನ್ನು ಅಂತಿಮ ಹಂತಕ್ಕೂ ತಂದಿತು. ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಸಂಗಡಿಗರು 1975ರಲ್ಲಿ ವಿವರಿಸಿದ ಈ ಪದ್ಧತಿಯಲ್ಲಿ ಅಭ್ಯರ್ಥಿಗಳು ಠಾಣೆ ಎನ್ನುವ ಒಂದು ಕೋಣೆಯಿಂದ ಮತ್ತೊಂದಕ್ಕೆ ಸಾಗುತ್ತ, ಪ್ರತಿಯೊಂದರಲ್ಲೂ ಕೆಲವೇ ನಿಮಿಷಗಳಲ್ಲಿ ಒಂದು ನಿರ್ದಿಷ್ಟ ಕೆಲಸವನ್ನು ಪರೀಕ್ಷಕರೆದುರು ಮಾಡಿ ತೋರಿಸುತ್ತಾರೆ: ಒಂದರಲ್ಲಿ ವಿಷ ಕುಡಿದು ಬದುಕಿದವರ ಮುಂದಿನ ಅಪಾಯವನ್ನು ಅಂದಾಜಿಸುವುದು, ಇನ್ನೊಂದರಲ್ಲಿ ಮಗನ ಕಾಯಿಲೆಯನ್ನು ತಾಯಿಗೆ ತಿಳಿಸಿ ಹೇಳುವುದು, ಮತ್ತೊಂದರಲ್ಲಿ ಔಷಧದ ಅಡ್ಡಪರಿಣಾಮವನ್ನು ವಿವರಿಸುವುದು. ಅಲ್ಲಿ ರೋಗಿಯ ಪಾತ್ರ ವಹಿಸುವವರು ತರಬೇತಾದ ನಟರು. ಆರೋಗ್ಯವಂತರಿಗೆ ರೋಗಿಯ ಪಾತ್ರವನ್ನು ಕಲಿಸಿ ವೈದ್ಯ ವಿದ್ಯಾರ್ಥಿಗಳನ್ನು ಪರೀಕ್ಷಿಸುವ ಕ್ರಮವನ್ನು ಹೋವರ್ಡ್ ಬ್ಯಾರೋಸ್ 1963ರಲ್ಲಿ ಲಾಸ್ ಏಂಜಲೀಸಿನಲ್ಲಿ ಆರಂಭಿಸಿದ್ದರು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಕಷ್ಟ, ಹಲವು ಪ್ರಕರಣ, ಹಲವು ಪರೀಕ್ಷಕರು ಎಂಬ ಕಾರಣಕ್ಕೆ ಇದು ಹೆಚ್ಚು ನ್ಯಾಯವಾದದ್ದು.

ಆದರೂ ಇದಕ್ಕೂ ಮಿತಿಯಿದೆ ಎಂಬುದನ್ನು ಮನೋವೈದ್ಯರೇ ಕಂಡುಕೊಂಡರು. ಕೆನಡಾದ ಟೊರಾಂಟೊದಲ್ಲಿ ಬ್ರಯನ್ ಹಾಜಸ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು, ತರಬೇತಿಯಲ್ಲಿದ್ದ ವೈದ್ಯರು, ವರ್ಷಗಟ್ಟಲೆ ಅನುಭವವಿದ್ದ ವೈದ್ಯರು ಮೂರು ವರ್ಗದವರೂ ಮನೋರೋಗದ ಒಂದೇ ಠಾಣೆಗಳನ್ನು ಹಾದುಹೋದರು. ಇಂಥಿಂಥ ಪ್ರಶ್ನೆ ಕೇಳಿದರೆ ಇಷ್ಟು ಅಂಕವೆಂದು ಗುರುತುಹಾಕುವ ಪಟ್ಟಿಯ ಪ್ರಕಾರ ಅನುಭವಿಗಳಿಗೇ ಎಲ್ಲರಿಗಿಂತ ಕಡಿಮೆ ಅಂಕ ಬಂತು. ಒಟ್ಟಾರೆ ಕೆಲಸವನ್ನು ನೋಡಿ ತಜ್ಞರು ಕೊಟ್ಟ ತೂಕದಲ್ಲಿ ಹಾಗಾಗಲಿಲ್ಲ, ಅಲ್ಲಿ ಅನುಭವಕ್ಕೆ ತಕ್ಕ ಬೆಲೆ ಸಿಕ್ಕಿತು. ಅನುಭವಿ ವೈದ್ಯರು ನೂರು ಪ್ರಶ್ನೆ ಕೇಳುವುದಿಲ್ಲ. ಬೇಕಾದ ನಾಲ್ಕನ್ನು ಕೇಳಿ, ಉತ್ತರವನ್ನು ಆಲಿಸಿ, ಅದರಿಂದ ಮುಂದಿನ ಪ್ರಶ್ನೆಯನ್ನು ಹುಟ್ಟಿಸಿಕೊಳ್ಳುತ್ತಾರೆ. ಗುರುತುಪಟ್ಟಿಯೊಂದನ್ನೇ ನಂಬಿದರೆ ಪರೀಕ್ಷೆಯು ಪ್ರಶ್ನೆಗಳನ್ನು ಬಾಯಿಪಾಠ ಮಾಡಿದವರನ್ನು ಮೇಲೆತ್ತಿ, ಕೇಳಿಸಿಕೊಳ್ಳಬಲ್ಲವರನ್ನು ಕೆಳಗಿಡುತ್ತದೆ. ಅಮೆರಿಕದ ವೈದ್ಯ ಜಾರ್ಜ್ ಮಿಲ್ಲರ್ 1990ರಲ್ಲಿ ವೈದ್ಯರ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು: ತಿಳಿದಿರುವುದು, ಹೇಗೆಂದು ತಿಳಿದಿರುವುದು, ಮಾಡಿ ತೋರಿಸುವುದು, ದಿನನಿತ್ಯದ ಕೆಲಸದಲ್ಲಿ ಮಾಡುತ್ತಿರುವುದು. ಲಿಖಿತ ಪತ್ರಿಕೆಗಳು ಮೊದಲ ಎರಡನ್ನು ಮುಟ್ಟುತ್ತವೆ, ಠಾಣೆಗಳ ಪರೀಕ್ಷೆ ಮೂರನೆಯದನ್ನು. ನಾಲ್ಕನೆಯ ಮೆಟ್ಟಿಲಿಗೆ ಏರಬೇಕಾದರೆ ವೈದ್ಯರನ್ನು ಅವರ ಕೆಲಸದ ಜಾಗದಲ್ಲೇ, ಅವರ ನಿಜವಾದ ರೋಗಿಗಳ ನಡುವೆ ನೋಡಬೇಕು.

ಸೇಲಂ, ಧರ್ಮಪುರಿಯ ರೋಗಿ ಎದುರಿಗೆ ಕುಳಿತಾಗ

2011ರ ಜನಗಣತಿಯಲ್ಲಿ ತಮಿಳುನಾಡಿನ 12 ಲಕ್ಷಕ್ಕೂ ಹೆಚ್ಚು ಜನ ಕನ್ನಡವನ್ನು ತಮ್ಮ ಮಾತೃಭಾಷೆಯೆಂದು ಬರೆಸಿದ್ದಾರೆ. ಹಳೆಯ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯೂ ಬೇರೆಯಾದವು. ಈ ಇಡೀ ಪ್ರದೇಶದಲ್ಲಿ ಒಕ್ಕಲಿಗರು, ಲಿಂಗಾಯತರು, ದೇವಾಂಗ ನೇಕಾರರು ಮುಂತಾದ ಕನ್ನಡ ಮನೆಗಳು ತಲೆತಲಾಂತರದಿಂದ ನೆಲೆನಿಂತಿವೆ. ಹೊಗೇನಕಲ್ಲಿನ ಬಳಿ ಕಾವೇರಿಯ ಒಂದು ದಡ ಧರ್ಮಪುರಿ ಜಿಲ್ಲೆಯಾದರೆ ಆಚೆಯ ದಡ ಚಾಮರಾಜನಗರ. ಕಿರಿಯರು ತಮಿಳಿನಲ್ಲಿ ಓದಿ ಎರಡೂ ಭಾಷೆಯಲ್ಲಿ ಸಲೀಸಾಗಿದ್ದಾರೆ. ಹಿರಿಯರಲ್ಲಿ, ಅದರಲ್ಲೂ ಹೊಲಮನೆ ಬಿಟ್ಟು ಹೊರಗೆ ಹೆಚ್ಚು ಹೋಗದ ಹೆಂಗಸರಲ್ಲಿ, ಸಂತೆಯ ವ್ಯವಹಾರಕ್ಕೆ ತಮಿಳು ಸಾಕಾದರೂ ದುಃಖ, ಭಯ, ನಾಚಿಕೆಗಳನ್ನು ಹೇಳಿಕೊಳ್ಳಲು ಮನೆಮಾತೇ ಬೇಕಾಗುತ್ತದೆ.

ಇಂಥ ಮನೆಯ ವೃದ್ಧೆಯೊಬ್ಬರು ಮೊಮ್ಮಗನ ಜೊತೆ ಮನೋವೈದ್ಯ ವಿಭಾಗಕ್ಕೆ ಬಂದರೆಂದು ಭಾವಿಸಿದರೆ, ಅಭ್ಯರ್ಥಿಯ ಕೌಶಲ ಎಲ್ಲೆಲ್ಲಿ ಪರೀಕ್ಷೆಗೆ ಒಳಗಾಗುತ್ತದೆಂಬುದು ಸ್ಪಷ್ಟವಾಗುತ್ತದೆ. ವೈದ್ಯರು ತಮಿಳಿನಲ್ಲಿ ಕೇಳುತ್ತಾರೆ; ಅಜ್ಜಿ ಎರಡು ನಿಮಿಷ ಕನ್ನಡದಲ್ಲಿ ಹೇಳಿಕೊಳ್ಳುತ್ತಾರೆ; ಮೊಮ್ಮಗ ‘ನಿದ್ದೆ ಬರಲ್ಲವಂತೆ, ಅಷ್ಟೇ’ ಎಂದು ಒಂದೇ ಮಾತಿಗೆ ಇಳಿಸುತ್ತಾನೆ. ಕಳೆದುಹೋದ ಆ ಎರಡು ನಿಮಿಷದಲ್ಲಿ, ತೀರಿಕೊಂಡ ಗಂಡ ರಾತ್ರಿ ಹೊತ್ತು ಹೆಸರು ಹಿಡಿದು ಕರೆದಂತಾಗುತ್ತದೆ, ಹೋಗಿಬಿಡಬೇಕು ಅನ್ನಿಸುತ್ತದೆ ಎಂಬ ಮಾತಿದ್ದಿರಬಹುದು. ಮೊಮ್ಮಗನ ಸಾರಾಂಶದಿಂದ ಹೊರಡುವ ಅಭ್ಯರ್ಥಿ ನಿದ್ದೆಯ ಮಾತ್ರೆಗೆ ತಲುಪುತ್ತಾನೆ. ಕೌಶಲವಿರುವ ಅಭ್ಯರ್ಥಿ ಉತ್ತರದ ಉದ್ದವೂ ಭಾಷಾಂತರದ ಉದ್ದವೂ ತಾಳೆಯಾಗದ್ದನ್ನು ಕೂಡಲೇ ಗಮನಿಸಿ, ಮುಖವನ್ನು ಅಜ್ಜಿಯ ಕಡೆಗೇ ಇಟ್ಟು, ಅವರು ಹೇಳಿದ್ದನ್ನು ಕೂಡಿಸದೆ ಕಳೆಯದೆ ಹಾಗೆಯೇ ಹೇಳುವಂತೆ ಮೊಮ್ಮಗನಿಗೆ ತಿಳಿಸುತ್ತಾನೆ. ಮನೆಯವರೆದುರು ಹೇಳಲಾಗದ ವಿಷಯಗಳಿರಬಹುದೆಂದು ಊಹಿಸಿ, ಕನ್ನಡ ಬಲ್ಲ ನರ್ಸನ್ನೋ ಸಮಾಜ ಕಾರ್ಯಕರ್ತರನ್ನೋ ಕರೆಸಿಕೊಂಡು ಸ್ವಲ್ಪ ಹೊತ್ತು ಅಜ್ಜಿಯೊಬ್ಬರನ್ನೇ ಮಾತನಾಡಿಸುತ್ತಾನೆ.

ಕರೆದಂತಾಗುತ್ತದೆ ಎಂಬ ಮಾತು ಕಿವಿಗೆ ಬಿದ್ದಮೇಲೂ ಅವಸರಪಟ್ಟು ಹೆಸರು ಹಚ್ಚುವಂತಿಲ್ಲ. ಆ ದನಿ ಬರುವುದು ಎಚ್ಚರವಿದ್ದಾಗಲೋ ಕಣ್ಣು ಹತ್ತುವ ಹೊತ್ತಿನಲ್ಲೋ, ಹೊರಗಿನಿಂದ ಕಿವಿಗೆ ಕೇಳಿಸುತ್ತದೆಯೋ ಮನಸ್ಸಿನಲ್ಲೇ ಮೂಡುತ್ತದೆಯೋ, ಬರೀ ಕರೆಯುತ್ತದೆಯೋ ಏನನ್ನಾದರೂ ಮಾಡೆಂದು ಅಪ್ಪಣೆ ಕೊಡುತ್ತದೆಯೋ, ಒಂದೇ ದನಿಯೋ ಇಬ್ಬರು ತಮ್ಮತಮ್ಮಲ್ಲೇ ಆಕೆಯ ಬಗ್ಗೆ ಮಾತನಾಡಿಕೊಳ್ಳುತ್ತಾರೋ ಎಂದು ಒಂದೊಂದಾಗಿ ಬಿಡಿಸುತ್ತ ಹೋಗಬೇಕು. ಅಗಲಿದವರ ದನಿ ಕೇಳಿಸಿದಂತಾಗುವುದು ಶೋಕದಲ್ಲಿ ಅನೇಕರಿಗೆ ಆಗುವ ಅನುಭವ, ಅದೊಂದರಿಂದಲೇ ಅದು ರೋಗವಾಗುವುದಿಲ್ಲ. ಮೈಮೇಲೆ ದೇವರು ಬರುವುದೂ ಊರಿನ ಹಬ್ಬದ ಚೌಕಟ್ಟಿನೊಳಗೆ ರೂಢಿಯಾಗಿರುವಾಗ ರೋಗಲಕ್ಷಣವಲ್ಲ. ‘ಹೋಗಿಬಿಡಬೇಕು’ ಎಂಬುದನ್ನಂತೂ ಕೇಳಿಯೂ ಕೇಳದಂತೆ ಬಿಡಲಾಗದು. ಬದುಕು ಸಾಕೆನ್ನಿಸಿದೆಯೇ ಎಂಬಲ್ಲಿಂದ ಶುರುಮಾಡಿ, ಸಾಯುವ ಯೋಚನೆ ಬಂದಿತ್ತೇ, ಹೇಗೆಂದು ಯೋಚಿಸಿದ್ದಿರಾ, ಮನೆಯಲ್ಲಿ ಬೆಳೆಗೆ ಹೊಡೆಯುವ ಔಷಧಿ ಇದೆಯೇ, ತಡೆದದ್ದು ಯಾವುದು ಎಂಬಲ್ಲಿಯವರೆಗೆ ಮೃದುವಾಗಿ, ಆದರೆ ನೇರವಾಗಿ ಕೇಳಬೇಕು. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಸಂಶೋಧನೆಯ ಆಧಾರವಿಲ್ಲ. ಕೇಳದೆ ಬಿಡುವುದರಲ್ಲೇ ಅಪಾಯವಿದೆ.

ಈ ಕೌಶಲ ಕೇವಲ ಸೌಜನ್ಯದ ವಿಷಯವಲ್ಲ, ಕಾನೂನಿನ ವಿಷಯವೂ ಹೌದು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, ಚಿಕಿತ್ಸೆಗೆ ರೋಗಿ ಕೊಡುವ ಒಪ್ಪಿಗೆಯು ಆತನಿಗೆ ಅರ್ಥವಾಗುವ ಭಾಷೆಯಲ್ಲಿ ಮತ್ತು ರೀತಿಯಲ್ಲಿ ಎಲ್ಲ ವಿವರ ತಿಳಿಸಿದ ಮೇಲೆ ಪಡೆದದ್ದಾಗಿರಬೇಕೆಂದು ಹೇಳುತ್ತದೆ. ಚಿಕಿತ್ಸೆಯ ಬಗ್ಗೆ ತಾನೇ ನಿರ್ಧರಿಸುವ ಸಾಮರ್ಥ್ಯ ರೋಗಿಗಿದೆಯೇ ಎಂದು ಅಳೆಯುವಾಗಲೂ ಸರಳ ಭಾಷೆ, ಸನ್ನೆ, ಚಿತ್ರ ಮುಂತಾದ ನೆರವುಗಳಿಂದ ವಿಷಯವನ್ನು ತಿಳಿಸಬೇಕೆನ್ನುತ್ತದೆ. ಸೇಲಂನ ವಾರ್ಡಿನಲ್ಲಿ ಕನ್ನಡವಷ್ಟೇ ಚೆನ್ನಾಗಿ ಬರುವ ರೋಗಿಯಿಂದ ತಮಿಳಿನ ನಮೂನೆಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ಈ ಕಾಯ್ದೆಯ ಆಶಯಕ್ಕೆ ಹೊಂದುವುದಿಲ್ಲ. ಹಾಗೆಯೇ ಬೆಂಗಳೂರಿನ ವಾರ್ಡಿನಲ್ಲಿ ತಮಿಳು ರೋಗಿಯಿಂದ ಕನ್ನಡದ ನಮೂನೆಗೆ ಒತ್ತಿಸಿಕೊಳ್ಳುವುದೂ ಹೊಂದುವುದಿಲ್ಲ.

ಪರೀಕ್ಷೆಯನ್ನು ಬಲಪಡಿಸುವ ಬಗೆ

ಭಾರತದ ಪದ್ಧತಿಯಲ್ಲಿ ಸಂದರ್ಶನವನ್ನು ನೋಡದಿರುವುದಕ್ಕೆ ಸಮಯದ ಅಭಾವವಲ್ಲದೆ ಭಾಷೆಯ ತೊಡಕೂ ಒಂದು ಕಾರಣವಾಗಬಲ್ಲದು. ಹೊರರಾಜ್ಯದಿಂದ ಬರುವ ಪರೀಕ್ಷಕರಿಗೆ ರೋಗಿಯ ಭಾಷೆ ಬಾರದಿದ್ದರೆ ಅವರು ಸಂದರ್ಶನದ ಪಕ್ಕದಲ್ಲೇ ಕುಳಿತಿದ್ದರೂ ಅದರ ತಿರುಳನ್ನು ಹಿಡಿಯಲಾರರು. ಆದ್ದರಿಂದ ಸಂದರ್ಶನದ ಮೌಲ್ಯಮಾಪನವನ್ನು ಅಂತಿಮ ದಿನದ ಮೇಲೆ ಮಾತ್ರ ಹೊರಿಸದೆ ಮೂರು ವರ್ಷಗಳಿಗೆ ಹಂಚುವುದು ಇಲ್ಲಿಯ ಸ್ಥಿತಿಗೆ ಹೆಚ್ಚು ಹೊಂದುತ್ತದೆ. ಹೊರರೋಗಿ ವಿಭಾಗದಲ್ಲಿ, ವಾರ್ಡಿನಲ್ಲಿ, ತುರ್ತು ಚಿಕಿತ್ಸೆಯಲ್ಲಿ ಬೇರೆ ಬೇರೆ ಅಧ್ಯಾಪಕರು ವಿದ್ಯಾರ್ಥಿಯ ಸಂದರ್ಶನವನ್ನು ಹದಿನೈದು ಇಪ್ಪತ್ತು ನಿಮಿಷ ಸುಮ್ಮನೆ ಕುಳಿತು ನೋಡಿ, ಅಲ್ಲೇ ತಪ್ಪು ಒಪ್ಪುಗಳನ್ನು ತಿಳಿಸಿ ದಾಖಲಿಸಿದರೆ, ಅಂತಿಮ ಪರೀಕ್ಷೆಯ ಹೊತ್ತಿಗೆ ಹತ್ತಾರು ರೋಗಿಗಳ ಮೇಲಿನ, ಹಲವು ಕಣ್ಣುಗಳು ಕಂಡ ಸಾಕ್ಷ್ಯ ಕೈಯಲ್ಲಿರುತ್ತದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ 2020ರಿಂದೀಚೆಗೆ ಬಂದಿರುವುದರಿಂದ, ಮಿಲ್ಲರ್ ಹೇಳಿದ ನಾಲ್ಕನೆಯ ಮೆಟ್ಟಿಲನ್ನು ನೋಡಲು ಆ ಅವಧಿಯೂ ಒದಗುತ್ತದೆ.

ಅಂತಿಮ ಪರೀಕ್ಷೆಯಲ್ಲಿ ದೀರ್ಘ ಪ್ರಕರಣವನ್ನು ಉಳಿಸಿಕೊಂಡೇ, ಅದರ ಒಂದು ತುಂಡನ್ನಾದರೂ ರೋಗಿಯ ಭಾಷೆ ಬಲ್ಲ ಪರೀಕ್ಷಕರೊಬ್ಬರು ನೇರವಾಗಿ ನೋಡಬಹುದು. ಅದರ ಜೊತೆಗೆ ಐದಾರು ಠಾಣೆಗಳನ್ನಿಟ್ಟು, ಅವುಗಳಲ್ಲಿ ಒಂದನ್ನು ದುಭಾಷಿಯ ಮೂಲಕ ಸಂದರ್ಶನ ನಡೆಸುವ ಕೌಶಲಕ್ಕೆ ಮೀಸಲಿಡಬಹುದು. ತಮಿಳು, ಕನ್ನಡ, ತೆಲುಗು ಮೂರೂ ಬೆರೆತಿರುವ ಸೇಲಂ, ಧರ್ಮಪುರಿ, ಕೃಷ್ಣಗಿರಿಯಂಥ ಕಡೆ ಇಂಥ ಠಾಣೆಗೆ ಪಾತ್ರಧಾರಿಗಳನ್ನು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಅಂಕ ಕೊಡುವಾಗ ಗುರುತುಪಟ್ಟಿಯೂ ತಜ್ಞರ ಒಟ್ಟಾರೆ ತೀರ್ಮಾನವೂ ಒಂದನ್ನೊಂದು ತಿದ್ದುವಂತಿರಬೇಕು. ತೇರ್ಗಡೆಯ ಗೆರೆಯಾದ ಶೇಕಡ 50 ಅಂಕ ಎಂದರೆ ಎಂಥ ಕೆಲಸ ಎಂಬುದನ್ನು ಪರೀಕ್ಷಕರು ಮೊದಲೇ ಕುಳಿತು, ದೃಶ್ಯಮುದ್ರಿಕೆಗಳನ್ನು ನೋಡಿ, ತಮ್ಮೊಳಗೆ ಒಮ್ಮತಕ್ಕೆ ಬರಬೇಕು.

ಪರೀಕ್ಷೆಗೆ ಒಪ್ಪಿಕೊಂಡು ಕೂರುವ ರೋಗಿಯ ಹಿತವನ್ನೂ ಇದರಲ್ಲಿ ಮರೆಯುವಂತಿಲ್ಲ. ತನ್ನ ಬದುಕಿನ ನೋವನ್ನು ಅಪರಿಚಿತರೆದುರು ಬಿಚ್ಚಿಡುವುದು ಸುಲಭವಲ್ಲ. ಅದು ಪರೀಕ್ಷೆಗೆಂದೂ, ಬೇಡವೆಂದರೂ ಚಿಕಿತ್ಸೆಗೆ ಧಕ್ಕೆಯಿಲ್ಲವೆಂದೂ ಮನದಟ್ಟು ಮಾಡಿಸಿ ಒಪ್ಪಿಗೆ ಪಡೆಯುವುದು, ಒಂದೇ ದಿನ ಮೇಲಿಂದ ಮೇಲೆ ಹಲವರ ಮುಂದೆ ಕೂರಿಸದಿರುವುದು, ಊಟ ಮತ್ತು ಆ ದಿನದ ಕೂಲಿಯ ನಷ್ಟವನ್ನು ತುಂಬಿಕೊಡುವುದು ಸಂಸ್ಥೆಗಳ ಹೊಣೆ.

ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, ತಮಿಳುನಾಡೂ ಸೇರಿದಂತೆ 12 ರಾಜ್ಯಗಳ ವಯಸ್ಕರಲ್ಲಿ ಶೇಕಡ 10.6ರಷ್ಟು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿರುವುದನ್ನೂ, ಬೇರೆಬೇರೆ ಕಾಯಿಲೆಗಳಲ್ಲಿ ಶೇಕಡ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆ ತಲುಪಿಲ್ಲದಿರುವುದನ್ನೂ ಕಂಡುಕೊಂಡಿತು. 2019ರ ಒಂದು ಅಂದಾಜಿನಂತೆ ದೇಶದಲ್ಲಿ ಲಕ್ಷ ಜನರಿಗೆ ಒಬ್ಬ ಮನೋವೈದ್ಯರೂ ಇರಲಿಲ್ಲ, ಇದ್ದದ್ದು 0.75. ಇಷ್ಟು ಕೊರತೆಯಿರುವಾಗ ಪರೀಕ್ಷೆಯನ್ನು ಬಿಗಿಗೊಳಿಸುವುದು ಸರಿಯೇ ಎಂದು ಕೇಳುವವರಿದ್ದಾರೆ. ಮೂರು ವರ್ಷದುದ್ದಕ್ಕೂ ನೋಡಿ ತಿದ್ದುವ ಪದ್ಧತಿ ಬಂದರೆ ಅನುತ್ತೀರ್ಣರಾಗುವವರ ಸಂಖ್ಯೆ ಹೆಚ್ಚಬೇಕೆಂದಿಲ್ಲ, ಕೊರತೆಯಿರುವವರು ಕೊನೆಯ ದಿನದವರೆಗೆ ಕಾಯದೆ ಮೊದಲೇ ತಿದ್ದಿಕೊಳ್ಳಲು ಅವಕಾಶವಾಗುತ್ತದೆ ಎಂಬುದೇ ಅದಕ್ಕೆ ಉತ್ತರ. ಲಕ್ಷಕ್ಕೆ ಒಬ್ಬರೂ ಇಲ್ಲದ ಕಡೆ ರೋಗಿಗೆ ಎರಡನೆಯ ಅಭಿಪ್ರಾಯ ಕೇಳಲು ಇನ್ನೊಬ್ಬ ವೈದ್ಯರು ಸಿಗುವುದಿಲ್ಲ. ಸಿಕ್ಕ ಒಬ್ಬರೇ ಸರಿಯಾಗಿ ಕೇಳಿಸಿಕೊಳ್ಳಬಲ್ಲವರಾಗಿರಬೇಕು. ಅವರು ಹಾಗಿದ್ದಾರೆಯೇ ಎಂಬುದನ್ನು ರೋಗಿಯ ಎದುರಿಗೆ, ರೋಗಿಯ ಭಾಷೆಯಲ್ಲಿ, ಒಂದಕ್ಕಿಂತ ಹೆಚ್ಚು ಸಲ ನೋಡಿದ ನಂತರವೇ ವಿಶ್ವವಿದ್ಯಾಲಯಗಳು ಅರ್ಹತಾಪತ್ರಕ್ಕೆ ಸಹಿ ಹಾಕಬೇಕು.